ಕೌದಿ ತೂಗಿದ ಕೋಣೆಯಲ್ಲಿ ಭಜನೆ ಪದ

ಪ್ರಶ್ನೆ: ಓಣಿಯ ಭಜನಾ ಮೇಳದ ಪದಗಳನ್ನು ಮನೆಯ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಬೇಕು. ಮೊದಲು ಏನು ಕಲಿಯಲಿ? (ಓದುಗರು, ಇಳಕಲ್)

ಉತ್ತರ: ಮೊದಲು ಶುದ್ಧವಾಗಿ ಮುದ್ರಿಸಿಕೊಳ್ಳುವುದನ್ನು ಕಲಿಯಿರಿ. ಉಚಿತ ಆಡಾಸಿಟಿ ತಂತ್ರಾಂಶ ಸಾಕು. ಅದರಲ್ಲಿ 44,100 ಎಂಬ ಅಂಕಿ ಕಾಣುತ್ತದೆ. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ ಅಷ್ಟು ಸಲ ಅಳೆಯುತ್ತದೆ. ನಮ್ಮ ಕಿವಿ ಹಿಡಿಯುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅಳತೆ ಅದರ ಎರಡು ಪಟ್ಟು ಮೀರಿರಬೇಕು, ಅದಕ್ಕೇ ಈ ಅಂಕಿ. ಇನ್ನು ಧ್ವನಿಯ ಮಟ್ಟ: ತಾಳದ ಪೆಟ್ಟು ಬಲು ಜೋರು. ತಂತ್ರಾಂಶದ ಮಾಪಕದಲ್ಲಿ ಮಟ್ಟ ಸೊನ್ನೆ ಡೆಸಿಬೆಲ್ ದಾಟಿದರೆ ಧ್ವನಿ ಒಡೆಯುತ್ತದೆ, ಆಮೇಲೆ ಪೂರ್ತಿ ಸರಿಪಡಿಸಲಾಗದು. ಮೈನಸ್ 12ರ ಆಸುಪಾಸಿನಲ್ಲಿಡಿ. ನಿಮ್ಮೂರಿನ ಮಗ್ಗದ ಸದ್ದು ನಿಂತ ಹೊತ್ತು ನೋಡಿ, ಗೋಡೆಗೆ ದಪ್ಪ ಕೌದಿ ತೂಗಿ ಹಾಡಿಸಿ, ಪ್ರತಿಧ್ವನಿ ತಗ್ಗುತ್ತದೆ. ಒಂದೇ ಗತಿಯಲ್ಲಿ ಟಕ್ ಟಕ್ ಎನ್ನುವ ಮೆಟ್ರೊನೋಮ್ ಮಾತ್ರ ಬೇಡವೇ ಬೇಡ: ಲಯ ಏರುತ್ತ ಹೋಗುವುದೇ ಭಜನೆಯ ಸೊಗಸು, ಯಂತ್ರದ ಗತಿಗೆ ಕಟ್ಟಿದರೆ ಇಡೀ ಮೇಳ ಮಂಕಾಗುತ್ತದೆ.