ಮನಸ್ಸಿನ ಬ್ಯಾನಿಗೂ ದವಾಖಾನೆ ಅದ

ತೊಗರಿಗೆ ಯಾವ ಎಣ್ಣಿ ಹೊಡೆಯಬೇಕು, ಜೋಳಕ್ಕೆ ಎಷ್ಟು ಗೊಬ್ಬರ ಹಾಕಬೇಕು ಎಂದು ಹೇಳುವ ಈ ಮನುಷ್ಯ ಇವತ್ತು ಮನಸ್ಸಿನ ಬ್ಯಾನಿಯ ಮಾತು ಯಾಕೆ ತೆಗೆದ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಉಂಟು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದದ್ದು ನಿಮಗೆ ಮರೆತಿರಲಿಕ್ಕಿಲ್ಲ. ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿದವು. ಆಗ ಒಬ್ಬ ರೈತರ ಹೊಲಕ್ಕೆ ಹೋಗಿದ್ದೆ. ಗಿಡ ಕಿತ್ತು, ಕಾಂಡ ಸೀಳಿ, ಒಳಗಿನ ಕಂದು ಗೆರೆ ತೋರಿಸಿದೆ. ಮುಂದಿನ ಸಲ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿರಿ, ಬೆಳೆ ಬದಲಿಸಿರಿ ಎಂದೆ. ಅವರು "ಹೂಂ ಸಾಹೇಬ್ರ" ಎಂದರೇ ಹೊರತು ತಲೆ ಎತ್ತಲಿಲ್ಲ. ಬದುವಿನ ಮೇಲೆ ನಿಂತ ಅವರ ಮನೆಯಾಕೆ, "ಹದಿನೈದು ದಿನ ಆತ್ರೀ, ರಾತ್ರಿ ನಿದ್ದಿ ಇಲ್ಲ, ರೊಟ್ಟಿ ಮುಟ್ಟಂಗಿಲ್ಲ, ಯಾರ ಕೂಡ ಮಾತಿಲ್ಲ" ಎಂದರು. "ಧೈರ್ಯ ಹೇಳ್ರೀ ಅಕ್ಕಾರ" ಎಂದು ಹೇಳಿ ನಾನು ಗಾಡಿ ಹತ್ತಿದೆ. ವಾರ ಕಳೆಯುವದರೊಳಗೆ ಅವರು ಬೆಳೆಗೆ ತಂದ ಎಣ್ಣಿಯನ್ನು ಕುಡಿದರು. ಮನೆಯಾಕೆ ಬೇಗ ನೋಡಿದ್ದರಿಂದ ಜೀವ ಉಳಿಯಿತು. ಗಿಡದ ರೋಗ ಕಂಡ ನನ್ನ ಕಣ್ಣಿಗೆ ಗಿಡದ ಪಕ್ಕ ನಿಂತವರ ರೋಗ ಕಾಣಲಿಲ್ಲ.

ಆ ತಾಯಿ ಹೇಳಿದ ಮೂರು ಮಾತುಗಳನ್ನು ವೈದ್ಯರೂ ಮೊದಲು ಕೇಳುತ್ತಾರೆ. ನಿದ್ದೆ ಕೆಡುವದು, ಊಟ ಸೇರದಿರುವದು, ಮಂದಿಯಿಂದ ದೂರ ಸರಿಯುವದು ಎರಡು ವಾರ ಮೀರಿದರೆ ಅದು ಬರೀ ಚಿಂತೆಯಲ್ಲ, ಖಿನ್ನತೆ ಎಂಬ ಬ್ಯಾನಿ ಇರಬಹುದು. "ನಾ ಇದ್ರೆಷ್ಟು, ಇಲ್ದಿದ್ರೆಷ್ಟು" ಎಂಬ ಮಾತು ಬಾಯಿಂದ ಬಂದರೆ ಎರಡು ವಾರ ಕಾಯಬೇಡಿರಿ, ಅಂದೇ ಕರೆದೊಯ್ಯಿರಿ. ಅವರನ್ನು ಒಬ್ಬರೇ ಬಿಡಬೇಡಿರಿ. ಎಣ್ಣಿಯ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ಬೇರೊಬ್ಬರ ಹತ್ತಿರ ಇರಲಿ. ಪೊಲೀಸ್ ಕೇಸಿನ ಅಂಜಿಕೆಯಿಂದ ಕೆಲವರು ದವಾಖಾನೆಗೆ ತಡ ಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ಅತಿಯಾದ ಮಾನಸಿಕ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು. ಅವರಿಗೆ ಆರೈಕೆ ಒದಗಿಸುವದು ಸರಕಾರದ ಕರ್ತವ್ಯ.

ಹಾಗಾದರೆ ಎಲ್ಲಿಗೆ ಹೋಗಬೇಕು? ಹಿಂದೆ ಇಂಥವರಿಗೆ ಧಾರವಾಡ, ಇಲ್ಲವೆ ಬೆಂಗಳೂರಿನ ನಿಮ್ಹಾನ್ಸ್. ದೂರದ ದಾರಿ, ಹಳ್ಳಿಯವರ ಕೈಗೆ ಸಿಗದ ಮಾತು. 1985ರಲ್ಲಿ ನಿಮ್ಹಾನ್ಸಿನವರು ನಮ್ಮ ಸೀಮೆಯ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ಆರಂಭಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಬ್ಯಾನಿಗೆ, ಮೂರ್ಛೆ ರೋಗಕ್ಕೆ ಊರ ಸಮೀಪದಲ್ಲೇ ಔಷಧ ಸಿಗುವಂತೆ ಮಾಡಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೊರಟಿತು. ಸೋನಾ ಮಸೂರಿಯ ಹಾಗೆ ಇದೂ ತುಂಗಭದ್ರೆಯ ಸೀಮೆಯ ಬೆಳೆ ಎನ್ನಿರಿ.

ಈ ಕಾರ್ಯಕ್ರಮದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರುತ್ತಾರೆ. ತಾಲೂಕು ದವಾಖಾನೆಗಳಲ್ಲಿ ಮಂಗಳವಾರದಂದು ಮನೋಚೈತನ್ಯ ಎಂಬ ಹೆಸರಿನಲ್ಲಿ ರೋಗಿಗಳನ್ನು ನೋಡುವ ಏರ್ಪಾಡಿದೆ. ನಿಮ್ಮ ತಾಲೂಕಿನ ಪಾಳಿ ಯಾವ ಮಂಗಳವಾರ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಹೋಗಿರಿ. ಸರಕಾರಿ ದವಾಖಾನೆಯಲ್ಲಿ ಈ ಮಾತ್ರೆಗಳಿಗೆ ದುಡ್ಡಿಲ್ಲ.

ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಮಂದಿ ಎಡವುವದು ಇಲ್ಲಿಯೇ. ಬಿತ್ತಿದ ಮರುದಿನ ತೊಗರಿ ಹುಟ್ಟುವದಿಲ್ಲ; ಖಿನ್ನತೆಯ ಮಾತ್ರೆಯ ಗುಣ ಕಾಣಲಿಕ್ಕೂ ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಬಿಡುವವರು ಕೆಲವರು. ಆರಾಮಾದ ಕೂಡಲೆ ಬಿಡುವವರು ಮತ್ತೆ ಕೆಲವರು. ಇವರಿಗೆ ಬ್ಯಾನಿ ತಿರುಗಿ ಬರುವ ಭಯ ಹೆಚ್ಚು. ಕೆಲವು ಮಾತ್ರೆಗಳಿಂದ ನಿದ್ದೆ ಹೆಚ್ಚುವದು, ಕೈ ನಡುಗುವದು, ಮೈ ಬಿಗಿಯುವದು ಉಂಟು. ಅದನ್ನು ವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ. ತಾವೇ ನಿಲ್ಲಿಸಬಾರದು. ಇನ್ನು, "ಲಗ್ನ ಮಾಡಿದ್ರ ನೆಟ್ಟಗಾಗ್ತಾನ" ಎನ್ನುವ ಹಿರಿಯರಿಗೆ ಕೈಮುಗಿದು ಕೇಳುತ್ತೇನೆ: ಇನ್ನೊಬ್ಬರ ಮನೆಯ ಮಗಳನ್ನು ಔಷಧವೆಂದು ತರಬೇಡಿರಿ.

ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವದು, ಮನೆಯವರೇ ವಿಷ ಹಾಕುತ್ತಾರೆಂಬ ಸಂಶಯ, ಒಬ್ಬರೇ ನಗುವದು, ಇಂಥ ಲಕ್ಷಣ ಕಂಡಾಗ ನಮ್ಮ ಕಡೆಯವರು ಗಾಣಗಾಪುರಕ್ಕೋ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೋ ಹೋಗುತ್ತಾರೆ. ಹೋಗಬೇಡಿರೆಂದು ನಾನು ಹೇಳುವವನಲ್ಲ. ಭೀಮಾ-ಅಮರಜಾ ಸಂಗಮದಲ್ಲಿ ಮುಳುಗಿದರೆ ನನಗೂ ಹಗುರೆನಿಸುತ್ತದೆ. ಗುಜರಾತಿನ ಉನಾವಾದ ಮೀರಾ ದಾತಾರ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಚಿಕಿತ್ಸೆಯೂ ಸಿಗುವ ಏರ್ಪಾಡು ಮಾಡಿದ್ದರು. ಅಲ್ಲಿ ದುವಾ ಬಿಡಬೇಕಾಗಲಿಲ್ಲ, ದವಾ ಕೂಡಿತು. ನೀವೂ ಹಾಗೆ ಮಾಡಿರಿ. ಆದರೆ ಕಟ್ಟಿಹಾಕುವದು ಮಾತ್ರ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. 28 ಜೀವ ಹೋದವು. ಈಗ 2017ರ ಕಾಯಿದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ದನದ ಕೊಟ್ಟಿಗೆಯ ಗೂಟಕ್ಕೆ ಮಗನನ್ನು ಕಟ್ಟಿದ ಮನೆ ನಿಮ್ಮೂರಲ್ಲಿದ್ದರೆ, ಬೈಯಬೇಡಿರಿ. ಅವರೂ ಸೋತವರು. ಒಂದು ಮಂಗಳವಾರ ಅವರ ಜೊತೆ ನೀವೂ ದವಾಖಾನೆಗೆ ಹೋಗಿರಿ.

ಬ್ಯಾನಿ ಬಹುಕಾಲ ಉಳಿದು ದುಡಿಮೆ ನಿಂತರೆ ಅದೂ ಅಂಗವೈಕಲ್ಯವೆಂದೇ ಲೆಕ್ಕ. 2016ರ ಕಾಯಿದೆ ಒಪ್ಪಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ, ಬುದ್ಧಿಮಾಂದ್ಯವೂ ಇದೆ. ಇವೆರಡು ಬೇರೆ ಬೇರೆ: ಬುದ್ಧಿಮಾಂದ್ಯ ಬಾಲ್ಯದಿಂದ ಇರುವಂಥದು, ಅದಕ್ಕೆ ಮಾತ್ರೆಗಿಂತ ಕಲಿಸುವಿಕೆ ಮುಖ್ಯ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವೆಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ಅನೇಕ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಈ ಕಾಗದಪತ್ರದ ಓಡಾಟಕ್ಕೆ ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಮೊದಲು ಗುರುತಿನ ಚೀಟಿ, ಆಮೇಲೆ ಮಾಸಾಶನದ ಅರ್ಜಿ. ದಲ್ಲಾಳಿಗೆ ಒಂದು ಪೈಸೆಯೂ ಕೊಡಬೇಡಿರಿ.

ಬುದ್ಧಿಮಾಂದ್ಯ ಮಗನ ಮುದುಕಿ ತಾಯಿಯೊಬ್ಬರು, "ನಾ ಹೋದ ಮ್ಯಾಲ ಇವನ್ನ ಯಾರು ನೋಡ್ತಾರ್ರೀ, ಇವನ ಪಾಲಿನ ಹೊಲ ಯಾರು ಕಾಯ್ತಾರ?" ಎಂದು ನನ್ನನ್ನು ಕೇಳಿದ್ದರು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಮುಂದಾಳತ್ವದ ಸ್ಥಳೀಯ ಸಮಿತಿ ಇಂಥವರಿಗೆ ಕಾನೂನಿನ ಪಾಲಕರನ್ನು ನೇಮಿಸಬಲ್ಲದು. ತಾಯಿ ಬದುಕಿರುವಾಗಲೇ ಅರ್ಜಿ ಹಾಕಬಹುದು. ಪಾಲಕರಾದವರು ಆಸ್ತಿಯ ಲೆಕ್ಕ ಒಪ್ಪಿಸಲೇಬೇಕು.

ರಾತ್ರಿ ಹೊತ್ತು ಮನಸ್ಸು ಕೈಮೀರಿದರೆ ಟೆಲಿ ಮಾನಸಿನ 14416 ನಂಬರಿಗೆ ಫೋನ್ ಹಚ್ಚಿರಿ. 2022ರ ಅಕ್ಟೋಬರಿನಿಂದ ನಡೆದಿದೆ, ದುಡ್ಡು ಬೀಳುವದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿರಿ.