ಕಾಕನಕೋಟೆಯ ಹಾಡು

ಹೆಗ್ಗಡದೇವನಕೋಟೆ ತಾಲೂಕಿನ ಕಾಕನಕೋಟೆ ಎಂದೊಡನೆ ಆನೆಗಳ ಖೆಡ್ಡಾ ನೆನಪಾಗುವುದು ಸಹಜ. ಆದರೆ ಆ ಹೆಸರು ಕನ್ನಡ ರಂಗಭೂಮಿಯಲ್ಲಿಯೂ ಚಿತ್ರಸಂಗೀತದಲ್ಲಿಯೂ ನೆಲೆ ನಿಂತಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕಾಡುಕುರುಬರ ಬದುಕನ್ನು ಕುರಿತು ರಚಿಸಿದ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ಅವರು ರಂಗಕ್ಕೆ ತಂದರು. 1970ರ ದಶಕದಲ್ಲಿ ಅವರೇ ಅದನ್ನು ಚಲನಚಿತ್ರವಾಗಿಸಿದರು. ಚಿತ್ರದ ಸಂಗೀತ ಸಿ. ಅಶ್ವತ್ಥ್ ಅವರದು.

ರಂಗಭೂಮಿಯ ವಾದ್ಯಮೇಳವು ನಟನ ಉಸಿರನ್ನು ಅನುಸರಿಸುತ್ತದೆ. ಅವನು ತಡೆದರೆ ಹಾರ್ಮೋನಿಯಂ, ತಬಲಾಗಳೂ ಕಾಯುತ್ತವೆ. ಚಲನಚಿತ್ರದಲ್ಲಿ ಹಾಗಲ್ಲ, ಅಲ್ಲಿ ಹಿನ್ನೆಲೆ ಸಂಗೀತವನ್ನು ದೃಶ್ಯದ ಅಳತೆಗೆ ಕ್ಷಣ ಎಣಿಸಿ ಹೊಂದಿಸಬೇಕು. ಎರಡರಲ್ಲಿಯೂ ವಾದ್ಯವು ಮಾತನ್ನು ಮುಚ್ಚದೆ ಭಾವವನ್ನು ಬೆಳಗಬೇಕು.

ಕಥೆ ಪಟ್ಟಣದ ವೇದಿಕೆಯೇರಿತು. ಕಥೆಯ ಜನ ಮಾತ್ರ ಕಾಡಿನಿಂದ ದೂರವಾದರು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ ಕಾಡನ್ನೂ ಊರುಗಳನ್ನೂ ಮುಳುಗಿಸಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಕಾರಣದಿಂದ ಹಲವು ಹಾಡಿಗಳವರು ಹುಣಸೂರು, ಹೆಗ್ಗಡದೇವನಕೋಟೆ ತಾಲೂಕುಗಳ ಪುನರ್ವಸತಿ ನೆಲೆಗಳಿಗೆ ಬಂದರು. ಅಜ್ಜಿಯರ ಕಂಠದಲ್ಲಿ ಉಳಿದ ಪದಗಳು ಮೊಮ್ಮಕ್ಕಳಿಗೆ ದಕ್ಕುವುದು ಈಗ ಕಷ್ಟವಾಗಿದೆ.

ಓದುಗ ಬಂಧುಗಳೇ, ನಮ್ಮೂರಿನ ಶಾಲೆ, ಜಾತ್ರೆಗಳ ವೇದಿಕೆಯಲ್ಲಿ ಹಾಡಿಯ ಮಕ್ಕಳು ತಮ್ಮ ಹಾಡನ್ನು ತಾವೇ ಹಾಡುವಂತಾಗಲಿ. ಅವರ ಕಥೆಯಿಂದ ನಾವು ಪಡೆದ ಸಂತೋಷದ ಋಣ ಅಷ್ಟರಮಟ್ಟಿಗಾದರೂ ತೀರೀತು.