ಪರ್ವತದ ಉಸಿರು

ಭೂಗರ್ಭದಲ್ಲಿ ಕರಗಿರುವ ಶಿಲಾರಸದಲ್ಲಿ ನೀರಾವಿ, ಇಂಗಾಲದ ಡೈ ಆಕ್ಸೈಡ್, ಗಂಧಕದ ಡೈ ಆಕ್ಸೈಡ್ ಮುಂತಾದ ಅನಿಲಗಳು ಅಡಗಿರುತ್ತವೆ. ಮೇಲಿನ ಬಂಡೆಗಳ ಒತ್ತಡವಿರುವವರೆಗೆ ಅವು ಶಿಲಾರಸದಲ್ಲಿ ಲೀನವಾಗಿಯೇ ಉಳಿಯುತ್ತವೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ನುಗ್ಗಿ ಬರುವುದನ್ನು ನೋಡಿದವರಿಗೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಶಿಲಾರಸವು ಮೇಲೇರಿದಂತೆ ಒತ್ತಡ ಕುಗ್ಗಿ ಅನಿಲಗಳು ಬೇರ್ಪಡುತ್ತವೆ. ಜ್ವಾಲಾಮುಖಿಯನ್ನು ಸಿಡಿಸುವ ಶಕ್ತಿ ಇವುಗಳದೇ. ಆದುದರಿಂದಲೇ ವಿಜ್ಞಾನಿಗಳು ಪರ್ವತದ ಉಸಿರನ್ನು ಅಳೆಯತೊಡಗಿದರು.

ನೀರಾವಿಯೂ ಇಂಗಾಲದ ಡೈ ಆಕ್ಸೈಡೂ ಗಾಳಿಯಲ್ಲಿ ಸಹಜವಾಗಿಯೇ ಇರುವುದರಿಂದ ಪರ್ವತದ ಪಾಲನ್ನು ಬೇರ್ಪಡಿಸುವುದು ಸುಲಭವಲ್ಲ. ಗಂಧಕದ ಡೈ ಆಕ್ಸೈಡ್ ಹಾಗಲ್ಲ. ಶುದ್ಧವಾದ ಗಾಳಿಯಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಅಲ್ಲದೆ ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಹೊಗೆಯ ಕೆಳಗೆ ವಿಮಾನದಲ್ಲಿ ಉಪಕರಣವನ್ನು ಒಯ್ದು, ಕಿರಣಗಳು ಎಷ್ಟು ಕುಂದಿವೆಯೆಂದು ನೋಡಿದರೆ ಅನಿಲದ ಪ್ರಮಾಣ ತಿಳಿಯುತ್ತದೆ. ಕಾರ್ಖಾನೆಗಳ ಹೊಗೆಯನ್ನು ಪರೀಕ್ಷಿಸಲು ರೂಪುಗೊಂಡ ಯಂತ್ರವೇ ಈ ಕೆಲಸಕ್ಕೂ ಒದಗಿಬಂದುದು ಸ್ವಾರಸ್ಯದ ಸಂಗತಿ.

ಫಿಲಿಪ್ಪೀನ್ಸಿನ ಪಿನಾಟುಬೊ ಪರ್ವತವು ಸುಮಾರು 500 ವರ್ಷ ನಿದ್ರಿಸಿತ್ತು. ಅದರ ಇಳಿಜಾರುಗಳ ಕಾಡಿನಲ್ಲಿ ಐಟಾ ಬುಡಕಟ್ಟಿನವರು ವಾಸವಾಗಿದ್ದರು. 1991ರ ಏಪ್ರಿಲ್ 2ರಂದು ಅಲ್ಲಿ ಹಬೆ ಸಿಡಿಯಿತು. ಮೇ 13ರಂದು ದಿನಕ್ಕೆ ಸುಮಾರು 500 ಟನ್ನಿನಷ್ಟಿದ್ದ ಗಂಧಕದ ಡೈ ಆಕ್ಸೈಡ್ ಮೇ 28ರ ವೇಳೆಗೆ 5,000 ಟನ್ನಿಗೆ ಏರಿತು. ಹೊಸ ಶಿಲಾರಸವು ಮೇಲೆ ಬರುತ್ತಿದೆಯೆಂಬುದಕ್ಕೆ ಇನ್ನೇನು ಸಾಕ್ಷ್ಯ ಬೇಕು? ಆದರೆ ಜೂನ್ ಮೊದಲ ವಾರದಲ್ಲಿ ಅದು 300 ಟನ್ನಿಗಿಂತಲೂ ಕೆಳಗಿಳಿಯಿತು. ಸಾಮಾನ್ಯರು ಅಪಾಯ ಕಳೆಯಿತೆಂದು ಭಾವಿಸಬಹುದಾಗಿದ್ದ ಗಳಿಗೆ ಅದು. ವಿಜ್ಞಾನಿಗಳು ಬೇರೆಯದನ್ನೇ ಶಂಕಿಸಿದರು: ಹಬೆ ಹೋಗುವ ದಾರಿಯೇ ಮುಚ್ಚಿಕೊಂಡು ಒಳಗೆ ಒತ್ತಡ ಹೆಚ್ಚುತ್ತಿರಬಹುದು. ಭೂಕಂಪನಗಳೂ ತೀವ್ರವಾಗುತ್ತಿದ್ದವು. ಸಹಸ್ರಾರು ಜನರನ್ನು ತೆರವುಗೊಳಿಸಲಾಯಿತು. ಜೂನ್ 10ರಂದು ಸಮೀಪದ ಅಮೆರಿಕದ ವಾಯುನೆಲೆಯೂ ಬರಿದಾಯಿತು. ಜೂನ್ 15ರಂದು ಪರ್ವತವು ಮಹಾಸ್ಫೋಟಗೊಂಡಿತು.

ಅನಿಲವು ಕಡಿಮೆಯಾದುದನ್ನು ಶಾಂತಿಯೆಂದು ತಿಳಿಯಲಾಗದೆಂಬುದು 1993ರ ಜನವರಿ 14ರಂದು ಕೊಲಂಬಿಯಾದಲ್ಲಿ ಮತ್ತೆ ಕಂಡುಬಂದಿತು. ಅನಿಲವು ಅಲ್ಪವಾಗಿದ್ದ ಗಲೆರಾಸ್ ಪರ್ವತವು ಅನಿರೀಕ್ಷಿತವಾಗಿ ಸಿಡಿದು, ಅದರ ಅಧ್ಯಯನಕ್ಕೆಂದು ಬಾಯಿಯ ಬಳಿಗೆ ಹೋಗಿದ್ದ 6 ವಿಜ್ಞಾನಿಗಳೂ 3 ಪ್ರವಾಸಿಗರೂ ಮೃತಪಟ್ಟರು. ಒಂದೇ ಅಂಕಿಯನ್ನು ನಂಬದೆ ಕಂಪನ, ನೆಲದ ಉಬ್ಬು, ಅನಿಲ ಇವೆಲ್ಲವನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ.

ಪಿನಾಟುಬೊ ಸಿಡಿದ ದಿನವೇ ಚಂಡಮಾರುತವೂ ಬಂದೆರಗಿತು. ಮಳೆಯಲ್ಲಿ ನೆನೆದು ಭಾರವಾದ ಬೂದಿಯಿಂದ ಮನೆಗಳ ಮಾಡುಗಳು ಕುಸಿದವು. ಅಂದು ಮಡಿದವರಲ್ಲಿ ಹೆಚ್ಚಿನವರು ಆ ಮಾಡುಗಳ ಕೆಳಗಿದ್ದವರು.